ಜಿಂಕ್ ಮಾತ್ರೆ ತಗೊಳ್ಳೋರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 11ಕ್ಕೆ ಮಾಮೂಲಿ ಜಾಗದಲ್ಲೇ ಸಭೆ, ವಿಷಯ ಜಿಂಕ್. ಎಚ್‌ಐವಿ ಇರುವವರಲ್ಲಿ, ಅದರಲ್ಲೂ ಹಿಂದೆ ಡ್ರಗ್ಸ್ ಬಳಸಿದ್ದವರಲ್ಲಿ, ಇದು ಕಡಿಮೆ ಇರಬಹುದು. ಊಟ ತಪ್ಪಿಸೋದು, ಪದೇಪದೇ ಭೇದಿ ಕಾರಣ. ಮಿಯಾಮಿಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊರತೆ ಇದ್ದವರಿಗೆ ದಿನಕ್ಕೆ 12–15 ಮಿ.ಗ್ರಾಂ. ಜಿಂಕ್ 18 ತಿಂಗಳು ಕೊಟ್ಟಾಗ ಭೇದಿ ಕಡಿಮೆಯಾಯಿತು, ಸಿಡಿ4 (ರೋಗನಿರೋಧಕ ಕಣಗಳ ಸಂಖ್ಯೆ) ಕುಸಿಯುವುದೂ ಕಡಿಮೆಯಾಯಿತು.

ಹಾಗಂತ ಅಂಗಡಿಯಿಂದ 50 ಮಿ.ಗ್ರಾಂ. ಮಾತ್ರೆ ತಂದು ನುಂಗಬೇಡಿ. ಅತಿಯಾದರೆ ದೇಹದಲ್ಲಿ ತಾಮ್ರ ಇಳಿಯುತ್ತೆ. ಡಾಲುಟೆಗ್ರಾವಿರ್ ಅನ್ನೋ ಎಚ್‌ಐವಿ ಮಾತ್ರೆ ತಗೊಳ್ಳೋರು ಮೊದಲು ಆ ಮಾತ್ರೆ, 2 ಗಂಟೆ ಬಿಟ್ಟು ಜಿಂಕ್. ಜಿಂಕ್ ಮೊದಲೇ ತಗೊಂಡಿದ್ರೆ 6 ಗಂಟೆ ಕಾಯಿರಿ. ಎಆರ್‌ಟಿ (ಎಚ್‌ಐವಿ ಔಷಧಿ) ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಮಾತ್ರೆಯ ಸ್ಟ್ರಿಪ್, ಚಿಕಿತ್ಸೆಯ ಹಸಿರು ಪುಸ್ತಕ ಇದ್ದರೆ ಅದೂ ತನ್ನಿ. ಬರೋರು ಗುಂಪಿನಲ್ಲಿ ಹೇಳೋದು ಬೇಡ, ಶುಕ್ರವಾರದೊಳಗೆ ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ.