ಮಗಳಿಗೊಂದು ಪತ್ರ: ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ್ದು ಯಾಕೆ

ಪ್ರೀತಿಯ ಪುಟ್ಟಿ,

ಹೋದ ಮಂಗಳವಾರ ರಾತ್ರಿ ನೀನು ನೀರು ಕುಡಿಯೋಕೆ ಎದ್ದು ಬಂದೆ. ನಾನು ಊಟದ ಮೇಜಿನ ಹತ್ತಿರ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ನಿನ್ನ ಹೆಜ್ಜೆ ಸದ್ದು ಕೇಳಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. "ಏನಮ್ಮಾ ಮಾಡ್ತಿದ್ದೀಯ?" ಅಂತ ನೀನು ಕೇಳಿದೆ. "ಆಫೀಸ್ ಕೆಲಸ ಕಣೇ, ಹೋಗಿ ಮಲ್ಕೋ" ಅಂದೆ. ನೀನು ಮಾತಾಡದೆ ಹೋದೆ. ಆದರೆ ರೂಮಿನ ಬಾಗಿಲ ಹತ್ತಿರ ನಿಂತು ಒಂದು ಸಲ ತಿರುಗಿ ನೋಡಿದೆ. ಆವತ್ತಿನಿಂದ ನನಗೆ ಸಮಾಧಾನ ಇಲ್ಲ.

ಅದು ಆಫೀಸ್ ಕೆಲಸ ಆಗಿರಲಿಲ್ಲ. ನಾನು ಗೇಮ್ ಆಡುತ್ತಿದ್ದೆ. ನಿನಗೆ ಸುಳ್ಳು ಹೇಳಿದೆ. ಎದುರಿಗೆ ಕೂರಿಸಿಕೊಂಡು ಹೇಳಬೇಕಿತ್ತು, ಆದರೆ ನಮ್ಮನೆಯಲ್ಲಿ ಯಾವಾಗ ನೋಡಿದರೂ ಯಾರಾದರೂ ಒಬ್ಬರು ಗಡಿಬಿಡಿಯಲ್ಲಿರುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಗೇಮಿನ ಹೆಸರು ಟೀಮ್ ಫೋರ್ಟ್ರೆಸ್ 2. ವಯಸ್ಸಲ್ಲಿ ಅದು ನಿನಗಿಂತ ದೊಡ್ಡದು. ವಾಲ್ವ್ ಅನ್ನುವ ಅಮೆರಿಕದ ಕಂಪನಿ 2007ರ ಅಕ್ಟೋಬರ್‌ನಲ್ಲಿ ಅದನ್ನು ಬಿಡುಗಡೆ ಮಾಡಿತು. ಆಗ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. 2011ರ ಜೂನ್‌ನಲ್ಲಿ ಎಲ್ಲರಿಗೂ ಫ್ರೀ ಮಾಡಿದರು. ನನ್ನ ಕೈಗೆ ಸಿಕ್ಕಿದ್ದು ಆಗ.

ನಾವಾಗ ಬೆಂಗಳೂರಲ್ಲಿದ್ದೆವು, ವಿಜಯನಗರದ ಒಂದು ಬಾಡಿಗೆ ಮನೆಯಲ್ಲಿ. ಮದುವೆಯಾಗಿ ಆರು ತಿಂಗಳಾಗಿತ್ತು. ನಿನ್ನಪ್ಪನಿಗೆ ನೈಟ್ ಶಿಫ್ಟ್. ನಾನು ಆಫೀಸಿಂದ ಬರುವಷ್ಟರಲ್ಲಿ ಅವರು ಹೊರಟು ನಿಂತಿರುತ್ತಿದ್ದರು. ಆ ಊರಲ್ಲಿ ನನಗೆ ಗುರುತಿನವರು ಅಂತ ಇದ್ದವರು ಮೇಲಿನ ಮನೆಯ ಅಜ್ಜಿ ಒಬ್ಬರೇ. ಮನೆಯ ಇಂಟರ್‌ನೆಟ್‌ಗೆ ತಿಂಗಳಿಗೆ ಇಷ್ಟೇ ಅಂತ ಮಿತಿ ಇತ್ತು. ರಾತ್ರಿ 2 ಗಂಟೆ ಮೇಲೆ ಮಾತ್ರ ಲೆಕ್ಕ ಇಲ್ಲ. ಅಲಾರಾಂ ಇಟ್ಟು ಎದ್ದು ಡೌನ್‌ಲೋಡ್ ಒತ್ತಿ ಮಲಗುತ್ತಿದ್ದೆ. ಬೆಳಗ್ಗೆ ಹಾಲಿನವನು ಬರುವ ಹೊತ್ತಿಗೆ ಎದ್ದು ನಿಲ್ಲಿಸುತ್ತಿದ್ದೆ. ಹೀಗೆ ನಾಲ್ಕು ರಾತ್ರಿ ಆದಮೇಲೆ ಗೇಮ್ ಬಂತು.

ನೀನು ಹೊಟ್ಟೆಯಲ್ಲಿದ್ದಾಗ ಏಳನೇ ತಿಂಗಳಿಗೆ ಮೈಸೂರಿಗೆ, ಅಜ್ಜಿ ಮನೆಗೆ ಬಂದೆ. ಕಂಪ್ಯೂಟರ್ ಅಲ್ಲೇ ಉಳಿಯಿತು. ಆಮೇಲೆ ಅದರ ನೆನಪೇ ಆಗಲಿಲ್ಲ. ನಿನ್ನಿಂದ ಬಿಟ್ಟೆ ಅಂತ ತಪ್ಪು ತಿಳ್ಕೋಬೇಡ. ಆಗ ನನಗೆ ಬೇಕಾಗಿದ್ದೆಲ್ಲ ನಿನ್ನ ತೊಟ್ಟಿಲ ಸುತ್ತಲೇ ಇತ್ತು.

ಈ ಸಲ ದಸರಾ ರಜೆಗೆ ನೀನು ಅತ್ತೆ ಮನೆಗೆ ಹೋಗಿದ್ದೆಯಲ್ಲ, ಆಗ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ಕ್ಲೀನ್ ಮಾಡಿದೆ. ಹಳೇ ಲೆಕ್ಕದ ಪುಸ್ತಕ ಒಂದು ಸಿಕ್ಕಿತು. ಹಾಲು, ಪೇಪರ್, ಗ್ಯಾಸ್ ಅಂತ ಬರೆದ ಪುಟದ ಮೂಲೆಯಲ್ಲಿ ನನ್ನ ಅಕೌಂಟಿನ ಹೆಸರು, ಪಾಸ್‌ವರ್ಡ್ ಇದ್ದವು. ಸುಮ್ನೆ ನೋಡೋಣ ಅಂತ ಹಾಕಿದೆ. ತೆರೆದುಕೊಂಡಿತು. ಹದಿಮೂರು ವರ್ಷದ ಹಿಂದೆ ನಾನು ಬಿಟ್ಟು ಬಂದ ಸಾಮಾನೆಲ್ಲ ಅಲ್ಲೇ ಇತ್ತು. ಗಿಬಸ್ ಅನ್ನುವ ಒಂದು ಹರಕಲು ಟೋಪಿ ಕೂಡ. ಆ ಟೋಪಿ ಹಾಕಿಕೊಂಡವರನ್ನು ಮತ್ತೆ ಮತ್ತೆ ಸೋಲಿಸಿದರೆ ಅದು ನಮಗೂ ಸಿಗುತ್ತಿತ್ತು. ನನಗೆ ಅದು ಸಿಕ್ಕಿದ ರಾತ್ರಿ ಹೇಳಿಕೊಳ್ಳೋಕೆ ಮನೆಯಲ್ಲಿ ಯಾರೂ ಇರಲಿಲ್ಲ. ಈಗ ನಿನಗೆ ಹೇಳುತ್ತಿದ್ದೇನೆ.

ಆಟ ಹೇಗೆ ಅಂದರೆ, ಕೆಂಪು ಒಂದು ತಂಡ, ನೀಲಿ ಒಂದು ತಂಡ. ಒಂದೊಂದು ಕಡೆಗೆ ಹನ್ನೆರಡು ಜನ. ಆಡುವವರು ಒಂಬತ್ತು ಪಾತ್ರಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ನೀನು ಚಿತ್ರ ಬಿಡಿಸುವವಳು, ಅದಕ್ಕೇ ಒಂದು ವಿಷಯ ಹೇಳಲೇಬೇಕು. ಈ ಒಂಬತ್ತು ಜನರನ್ನು ಪೂರ್ತಿ ಕಪ್ಪು ನೆರಳಾಗಿ ತೋರಿಸಿದರೂ ಯಾರು ಯಾವುದು ಅಂತ ತಟ್ಟನೆ ಗೊತ್ತಾಗುತ್ತೆ. ಬೇಕಂತಲೇ ಹಾಗೆ ಮಾಡಿದ್ದಾರೆ. ಹೆವಿ ಅನ್ನುವವನು ಬೀರು ಇದ್ದ ಹಾಗೆ. ಸ್ಕೌಟ್ ಕಡ್ಡಿ. ಬಣ್ಣದಲ್ಲೂ ಒಂದು ಜಾಣತನ ಇದೆ. ಕಾಲಿನ ಕಡೆ ಮಂಕು, ಎದೆ ಹತ್ತಿರ ಬಂದ ಹಾಗೆ ಎದ್ದು ಕಾಣುತ್ತೆ. ಕಣ್ಣು ತಾನಾಗೇ ಅಲ್ಲಿಗೆ ಹೋಗಬೇಕು, ಯಾಕಂದರೆ ಕೈಯಲ್ಲಿ ಏನು ಹಿಡಿದಿದ್ದಾನೆ ಅನ್ನೋದು ಅಲ್ಲೇ ಕಾಣೋದು. ಲೈಯೆಂಡೆಕರ್ ಅಂತ ನೂರು ವರ್ಷದ ಹಿಂದೆ ಅಮೆರಿಕದ ಪತ್ರಿಕೆಗಳಿಗೆ ಮುಖಪುಟ ಬಿಡಿಸುತ್ತಿದ್ದ ಕಲಾವಿದರಿದ್ದರು. ಅವರ ಚಿತ್ರಗಳನ್ನು ನೋಡಿ ಈ ಶೈಲಿ ಕಟ್ಟಿಕೊಂಡರಂತೆ. ಇಷ್ಟು ವರ್ಷ ಆದರೂ ಆಟ ಹಳತಾಗಿ ಕಾಣದೇ ಇರೋಕೆ ಇದೇ ಕಾರಣ ಅಂತ ನನಗನಿಸುತ್ತೆ. ಕನ್ನಡಕ ಬಂದಿರುವ ನನ್ನ ಕಣ್ಣಿಗೂ ದೂರದಲ್ಲಿ ಬರುವವನು ಯಾರು ಅಂತ ತಿಳಿಯುತ್ತೆ.

ಆಗ ನಾನು ಯಾವಾಗಲೂ ಎಂಜಿನಿಯರ್ ಆಗಿ ಆಡುತ್ತಿದ್ದೆ. ಒಂದು ಮೂಲೆ ಹಿಡಿದು ತಾನಾಗಿ ಗುಂಡು ಹಾರಿಸುವ ಸೆಂಟ್ರಿ ಕಟ್ಟಬೇಕು, ಸ್ಪ್ಯಾನರ್‌ನಲ್ಲಿ ಬಡಿದು ಬಡಿದು ರಿಪೇರಿ ಮಾಡುತ್ತಾ ಕಾಯಬೇಕು. ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಮೊದಮೊದಲು ಒಂದು ರಾತ್ರಿ ಮೈಕ್ ಆನ್ ಮಾಡಿ "ಇಲ್ಲಿ ಸ್ಪೈ ಇದ್ದಾನೆ" ಅಂತ ಇಂಗ್ಲಿಷಲ್ಲಿ ಹೇಳಿದ್ದೆ. ಹೆಣ್ಣು ದನಿ ಕೇಳಿದ್ದೇ ತಡ, ಮೂರು ನಾಲ್ಕು ಜನ ಏನೇನೋ ಅಂದರು. ಅದನ್ನು ಇಲ್ಲಿ ಬರೆಯಲ್ಲ. ಮೈಕ್ ಆಫ್ ಮಾಡಿದೆ. ಆಮೇಲೆ ಒಂದು ವರ್ಷ ಅಷ್ಟು ಜನರ ನಡುವೆ ಬಾಯಿ ಬಿಡದೆ ಆಡಿದೆ. ಅವತ್ತು ಆಫ್ ಮಾಡಿದ್ದಕ್ಕೆ ನನಗೆ ಈಗಲೂ ಬೇಜಾರಿದೆ, ಪುಟ್ಟಿ. ತಪ್ಪು ಮಾಡಿದವರು ಅವರು, ಸುಮ್ಮನಾದವಳು ನಾನು.

ಈಗ ನಾನು ಆಡೋದು ಮೆಡಿಕ್ ಆಗಿ. ಅವನ ಕೈಯಲ್ಲಿರೋದು ಗುಂಡಿನ ಗನ್ ಅಲ್ಲ. ಅದರಿಂದ ಒಂದು ಬೆಳಕಿನ ಎಳೆ ಹೊರಡುತ್ತೆ. ಅದು ಯಾರ ಮೇಲೆ ಬಿದ್ದಿದೆಯೋ ಅವರ ಗಾಯ ಮಾಯುತ್ತಾ ಹೋಗುತ್ತೆ. ಹೀಗೆ ಬೇರೆಯವರನ್ನು ನೋಡಿಕೊಳ್ಳುತ್ತಾ ಇದ್ದರೆ ಒಂದು ಮೀಟರ್ ಏರುತ್ತೆ. ಅದು ತುಂಬೋಕೆ ಕಡಿಮೆ ಅಂದರೂ 40 ಸೆಕೆಂಡ್ ಬೇಕು. ತುಂಬಿದ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿದರೆ ನನಗೂ ನಾನು ಹಿಡಿದಿರುವವರಿಗೂ 8 ಸೆಕೆಂಡ್ ಏನೂ ತಾಗಲ್ಲ. ಇದಕ್ಕೆ ಯೂಬರ್ ಅನ್ನುತ್ತಾರೆ.

ಮಂಗಳವಾರದ ಆಟದ ಬಗ್ಗೆ ಹೇಳುತ್ತೇನೆ ಕೇಳು. ಮ್ಯಾಪಿನ, ಅಂದರೆ ಆಟ ನಡೆಯುವ ಜಾಗದ, ಹೆಸರು ಅಪ್‌ವರ್ಡ್. ಬಾಂಬ್ ಇರುವ ಒಂದು ಬಂಡಿಯನ್ನು ಹಳಿ ಮೇಲೆ ಬೆಟ್ಟದ ತುದಿಯವರೆಗೆ ತಳ್ಳಿಕೊಂಡು ಹೋಗಿ ದೊಡ್ಡ ಗುಂಡಿಗೆ ಬೀಳಿಸಬೇಕು. ನಾವು ನೀಲಿ, ತಳ್ಳುವವರು. ಬಂಡಿ ಪಕ್ಕ ನಿಂತರೆ ಸಾಕು, ಅದು ಮುಂದೆ ಹೋಗುತ್ತೆ. ಇನ್ನೇನು ಗುಂಡಿ ಇಪ್ಪತ್ತು ಹೆಜ್ಜೆ ಇದೆ ಅನ್ನುವಾಗ ಟೈಮ್ ಮುಗಿಯಿತು. ಆದರೆ ನಮ್ಮವರು ಯಾರಾದರೂ ಬಂಡಿ ಹತ್ತಿರ ಇರುವ ತನಕ ಆಟ ಮುಗಿಯಲ್ಲ, ಓವರ್‌ಟೈಮ್ ಅಂತ ನಡೆಯುತ್ತಲೇ ಇರುತ್ತೆ. ಎದುರಿಗೆ ಎರಡು ಸೆಂಟ್ರಿ. ನನ್ನ ಮೀಟರ್ 90ಕ್ಕೆ ಬಂದಿತ್ತು. ನನ್ನ ಮುಂದೆ ಒಬ್ಬ ಹೆವಿ. ಅವನಿಗೆ ಎಳೆ ಹಿಡಿದುಕೊಂಡು ಗೋಡೆ ಮರೆಯಲ್ಲಿ ನಿಂತಿದ್ದೆ. ಮೆಡಿಕ್ ಆದವರು ಪದೇ ಪದೇ ಹಿಂದೆ ತಿರುಗಿ ನೋಡುತ್ತಿರಬೇಕು, ಸ್ಪೈ ನಮ್ಮವರ ವೇಷದಲ್ಲೇ ಬಂದು ಬೆನ್ನಿಗೆ ಚಾಕು ಹಾಕುತ್ತಾನೆ. ತಿರುಗಿದೆ. ನಮ್ಮ ಬಣ್ಣದ ಸ್ನೈಪರ್ ಒಬ್ಬ ನಮ್ಮ ಕಡೆಗೇ ಓಡಿ ಬರುತ್ತಿದ್ದ. ಸ್ನೈಪರ್ ಅಂದರೆ ದೂರದಿಂದ ಗುರಿ ಇಟ್ಟು ಹೊಡೆಯುವವನು, ಅವನಿಗೆ ಇಷ್ಟು ಮುಂದೆ ಏನು ಕೆಲಸ? ಮೈಕ್ ಆನ್ ಇತ್ತು, ಬಾಯಿಗೆ ಬಂದಿದ್ದು ಕನ್ನಡ. "ಹಿಂದೆ! ಹಿಂದೆ ನೋಡೋ!"

ಹೆವಿ ತಿರುಗಿದ. ತಿರುಗಿ ಗುಂಡಿನ ಮಳೆ ಸುರಿಸಿದ. ಸ್ಪೈ ಅಲ್ಲೇ ಬಿದ್ದ. ಹೆಡ್‌ಫೋನ್‌ನಲ್ಲಿ "ಥ್ಯಾಂಕ್ಸ್ ಅಕ್ಕ" ಅಂತ ಒಂದು ದನಿ ಬಂತು.

ನನ್ನ ಮೈ ಜುಮ್ ಅಂತು. ಅಷ್ಟರಲ್ಲಿ ಮೀಟರ್ ತುಂಬಿತು. "ಹೋಗೋಣ್ವಾ?" ಅಂದೆ. "ನಡೀರಿ ಅಕ್ಕ" ಅಂದ. ಬಟನ್ ಒತ್ತಿದೆ. ಯೂಬರ್ ಇರುವಾಗ ಬಂಡಿಯನ್ನು ನಾವು ತಳ್ಳೋಕಾಗಲ್ಲ, ಪಕ್ಕದಲ್ಲಿ ನಿಂತರೂ ಅದು ನಮ್ಮನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ಆ 8 ಸೆಕೆಂಡ್‌ನಲ್ಲಿ ಬೇರೆಯವರಿಗೆ ದಾರಿ ಬಿಡಿಸಿಕೊಡೋದಷ್ಟೇ ನಮ್ಮ ಕೆಲಸ. ಮೊದಲ ಸೆಂಟ್ರಿ ಹೋಯಿತು. ಎರಡನೆಯದು ಹೋಗುವಷ್ಟರಲ್ಲಿ ಮೈಮೇಲಿನ ಹೊಳಪು ಆರಿತು, ನಾವಿಬ್ಬರೂ ಬಿದ್ದೆವು. ಬಿದ್ದ ಮೇಲೆ ಸ್ಕ್ರೀನಿನಲ್ಲಿ ನೋಡುತ್ತಾ ಕೂತಿರಬೇಕು. ಯಾರೋ ಒಬ್ಬ ಸ್ಕೌಟ್, ಹೆಸರೂ ನೋಡಿಲ್ಲ ನಾನು, ಓಡಿ ಬಂದು ಬಂಡಿ ಪಕ್ಕ ನಿಂತ. ಸ್ಕೌಟ್ ಒಬ್ಬ ನಿಂತರೆ ಇಬ್ಬರು ತಳ್ಳಿದ ಲೆಕ್ಕ. ಬಂಡಿ ಗುಂಡಿಯ ಅಂಚು ದಾಟುವ ಕ್ಷಣಕ್ಕೆ ಸರಿಯಾಗಿ ನೀನು ನೀರಿಗೆ ಎದ್ದು ಬಂದೆ. ಅದು ಬಿದ್ದಿದ್ದನ್ನು ನಾನು ನೋಡಲೇ ಇಲ್ಲ.

ಹೆವಿ ಆಗಿ ಆಡುತ್ತಿದ್ದ ಆ ಹುಡುಗ ಹಾಸನದ ಕಡೆಯವನಂತೆ. ಸಿಂಗಾಪುರದಲ್ಲಿ ಕೆಲಸ. ನಾವು ಆಡುತ್ತಿದ್ದ ಸರ್ವರ್ ಕೂಡ ಅಲ್ಲಿಯದೇ. ಮಾರನೇ ದಿನ ಮೆಸೇಜ್ ಮಾಡಿ ಹೇಳಿದ, "ಗೆದ್ವಿ ಅಕ್ಕ, ನೀವೆಲ್ಲಿ ಹೋದ್ರಿ?"

ನೀನು ಕೇಳಬಹುದು, "ನಾನು ಫೋನಲ್ಲಿ ಆಡಿದ್ರೆ ಬೈತೀಯಲ್ಲ, ನಿನಗೊಂದು ನನಗೊಂದಾ?" ನ್ಯಾಯವಾದ ಪ್ರಶ್ನೆ. ಗೇಮ್ ಆಡೋದೇ ಟೈಮ್ ವೇಸ್ಟ್ ಅಂತ ಎಷ್ಟು ಸಲ ಅಂದಿದ್ದೇನೋ. ಆ ಮಾತು ತಪ್ಪು, ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಆಡ್ ನೋಡು, ವಜ್ರ ಕೊಂಡುಕೋ ಅಂತ ನಿಮಿಷಕ್ಕೊಂದು ಸಲ ಪೀಡಿಸುವ ಆ ಗೇಮ್ ಬಗ್ಗೆ ನನಗಿರುವ ಸಿಟ್ಟು ಹಾಗೇ ಇದೆ. ನನ್ನ ಗೇಮೂ ಇದರಲ್ಲಿ ಪೂರ್ತಿ ಶುದ್ಧ ಅಲ್ಲ. ಅದರೊಳಗೆ ಬೀಗ ಹಾಕಿದ ಪೆಟ್ಟಿಗೆಗಳು ಸಿಗುತ್ತವೆ. ಬೀಗದ ಕೈಗೆ ದುಡ್ಡು ಕೊಡಬೇಕು, ಒಳಗೆ ಏನಿರುತ್ತೋ ತೆರೆಯುವ ತನಕ ಗೊತ್ತಾಗಲ್ಲ. ಅದು ಜೂಜು. ನಾನು ಒಂದನ್ನೂ ತೆರೆದಿಲ್ಲ, ತೆರೆಯೋದೂ ಇಲ್ಲ. ಒಂದೇ ಒಂದು ಸಲ ಅಲ್ಲಿನ ಅಂಗಡಿಯಲ್ಲಿ ಒಂದು ಸಣ್ಣ ವಸ್ತು ಕೊಂಡೆ. ದುಡ್ಡೇ ಕೊಡದ ಅಕೌಂಟಿನವರಿಗೆ ಕಂಪನಿಯ ಸರ್ವರ್‌ಗಳಲ್ಲಿ ಮಾತಾಡೋಕೆ ಬಿಡಲ್ಲ. ನನಗೆ ಈ ಸಲ ಮಾತಾಡಬೇಕಿತ್ತು.

ಇನ್ನೊಂದು ವಿಷಯ. ಕೆಲಸ ಇರುವವರಿಗೆ ಈ ಆಟ ಒಗ್ಗುತ್ತೆ. ನಿನ್ನಪ್ಪ ಮಲಗಿ, ದೋಸೆ ಹಿಟ್ಟು ರುಬ್ಬಿಟ್ಟು, ನಾಳೆಯ ಡಬ್ಬಿಗೆ ಹುರುಳಿಕಾಯಿ ಹೆಚ್ಚಿಟ್ಟ ಮೇಲೆ ನನಗೆ ಉಳಿಯೋದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಎರಡು ಆಟ ಆಗುತ್ತೆ. ಇವತ್ತು ಬರದಿದ್ದರೆ ಏನೋ ಕಳೆದುಕೊಳ್ಳುತ್ತೀಯ ಅಂತ ಅದು ಹೆದರಿಸಲ್ಲ. ಆಡಿಟ್ ಇದ್ದಾಗ ಮೂರು ವಾರ ತೆರೆದೇ ಇರಲಿಲ್ಲ. ಹೋದಾಗ ಹಾಗೇ ಸೇರಿಸಿಕೊಂಡರು. ದಿನವಿಡೀ ನಾನು ಯಾರ ಹಿಂದಾದರೂ ಓಡುತ್ತಲೇ ಇರುತ್ತೇನೆ ಅಲ್ವಾ? ಇಲ್ಲೂ ಅದೇ ಕೆಲಸ. ಆದರೆ ಇಲ್ಲಿ ಅದನ್ನು ನಾನಾಗಿ ಆರಿಸಿಕೊಂಡಿದ್ದೇನೆ, ಯಾರೋ ಗುರುತಿಲ್ಲದವರು "ಥ್ಯಾಂಕ್ಸ್" ಅಂತಾರೆ. ಅದು ನನಗೆ ಎಷ್ಟು ಬೇಕಾಗಿತ್ತು ಅಂತ ವಾಪಸ್ ಬರುವ ತನಕ ತಿಳಿದಿರಲಿಲ್ಲ.

ನಾನಿಲ್ಲದ ಕಾಲದಲ್ಲಿ ಈ ಆಟ ಮುಳುಗಿಯೇ ಹೋಗುವುದರಲ್ಲಿತ್ತು. 2020ರಿಂದ ಬಾಟ್‌ಗಳ ಕಾಟ. ಮನುಷ್ಯರಲ್ಲ, ಪ್ರೋಗ್ರಾಮ್‌ಗಳು. ಕಂಡ ಕೂಡಲೇ ತಲೆಗೆ ಗುರಿ ಇಟ್ಟು ಹೊಡೆಯುತ್ತಿದ್ದವು, ಯಾರಿಗೂ ಆಡೋಕೆ ಆಗುತ್ತಿರಲಿಲ್ಲ. ಆಡುವವರು ಬಿಟ್ಟು ಹೋಗಲಿಲ್ಲ. 2022ರ ಮೇನಲ್ಲಿ ಒಂದು ಸಲ, 2024ರ ಜೂನ್‌ನಲ್ಲಿ ಇನ್ನೊಂದು ಸಲ ಎಲ್ಲ ಸೇರಿ ದನಿ ಎತ್ತಿದರು, ಎರಡನೇ ಸಲವಂತೂ ಲಕ್ಷಗಟ್ಟಲೆ ಜನ ಸಹಿ ಹಾಕಿದರು. ಆಮೇಲೆ ಬಾಟ್‌ಗಳು ಬಹಳ ಮಟ್ಟಿಗೆ ಕಮ್ಮಿಯಾದವು. ನಾನು ಹದಿಮೂರು ವರ್ಷ ಬಿಟ್ಟು ಬಂದಾಗ ಬಾಗಿಲು ತೆರೆದಿತ್ತು ಅಂದರೆ ಅದು ಆ ಜನರಿಂದ.

ಸೋಲ್ಜರ್ ಅನ್ನುವ ಪಾತ್ರಕ್ಕೆ ದನಿ ಕೊಟ್ಟವರು ರಿಕ್ ಮೇ. 2020ರ ಏಪ್ರಿಲ್‌ನಲ್ಲಿ, 79ನೇ ವಯಸ್ಸಿನಲ್ಲಿ, ಕೋವಿಡ್‌ನಿಂದ ತೀರಿಕೊಂಡರು. ನನಗೆ ಗೊತ್ತೇ ಇರಲಿಲ್ಲ. ಗ್ರಾನರಿ ಅನ್ನುವ ಮ್ಯಾಪಿನಲ್ಲಿ ಓಡುತ್ತಿದ್ದಾಗ ಸೆಲ್ಯೂಟ್ ಹೊಡೆದು ನಿಂತ ಸೋಲ್ಜರ್ ಪ್ರತಿಮೆ ಕಂಡಿತು. ಹತ್ತಿರ ಹೋದರೆ ಅವರ ದನಿ ಕೇಳಿಸಿತು. ಬೆಂಗಳೂರಿನ ಆ ಖಾಲಿ ಮನೆಯಲ್ಲಿ ರಾತ್ರಿಯೆಲ್ಲ ಕೂಗಾಡಿ ನನಗೆ ಜೊತೆ ಕೊಟ್ಟ ದನಿ ಅದು. ಆಟ ನಡೆಯುತ್ತಿದ್ದರೂ ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ಈ ಗೇಮ್‌ನಲ್ಲಿ ರಕ್ತ ಇದೆ, ಹೊಡೆದಾಟ ಇದೆ. ಅಮೆರಿಕದಲ್ಲಿ ಇದಕ್ಕೆ 17 ತುಂಬಿದವರಿಗೆ ಅನ್ನುವ ಗುರುತು ಕೊಟ್ಟಿದ್ದಾರೆ. ಅದಕ್ಕೇ ಒಬ್ಬಳೇ ಆಡೋಕೆ ಈಗ ಕೊಡಲ್ಲ. ಆದರೆ ಇನ್ನು ಮುಂದೆ ನೀನು ಬಂದರೆ ಲ್ಯಾಪ್‌ಟಾಪ್ ಮುಚ್ಚಲ್ಲ. ಶನಿವಾರ ಊಟ ಆದಮೇಲೆ ನಿನ್ನ ಕುರ್ಚಿ ಎಳೆದುಕೊಂಡು ಬಾ. ಹೆಡ್‌ಫೋನ್ ತೆಗೆದು ಸ್ಪೀಕರ್‌ಗೆ ಹಾಕುತ್ತೇನೆ. ನೀನು ಹಿಂದಿನಿಂದ ಸ್ಪೈ ಬರುತ್ತಾನಾ ಅಂತ ನೋಡ್ತಿರು. ಮೀಟರ್ ತುಂಬಿದಾಗ ಮೆಡಿಕ್ ತಾನೇ ಕೂಗಿ ಹೇಳುತ್ತಾನೆ. ಆಗ ನಾನು "ಈಗ" ಅಂತೀನಿ, ಬಲಗಡೆ ಬಟನ್ ನೀನು ಒತ್ತು.

ನಿನ್ನ
ಅಮ್ಮ