ಕೈ ಹಗುರ ಮಾಡುವ ಪಾಠ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಲಿಂಫೆಡಿಮಾ, ಅಂದರೆ ದುಗ್ಧರಸ (ಲಿಂಫ್) ಸರಿಯಾಗಿ ಹರಿಯದೆ ಕೈಕಾಲಿನಲ್ಲಿ ನಿಂತು ಬರುವ ಬಾವು, ಅದರ ಚಿಕಿತ್ಸೆ ಕಲಿಯಲು ಹನ್ನೆರಡು ಜನ ಫಿಸಿಯೋಗಳು ಬರುತ್ತಾರೆ, ಐದು ದಿನ ನೀನೇ ಪಾಠ ಮಾಡಬೇಕು ಅಂತ ಬರೆದಿದ್ದೀಯ. ಓದಿ ಹೆಮ್ಮೆಯಾಯಿತು. "ಎಲ್ಲಾ ಪುಸ್ತಕದಲ್ಲೇ ಇದೆಯಲ್ಲ ದೊಡ್ಡಮ್ಮ, ನಾನೇನು ಹೇಳಿಕೊಡಲಿ" ಅಂತ ಕೇಳಿದ್ದೀಯ. ಪುಸ್ತಕದಲ್ಲಿರುವುದನ್ನು ಅವರು ರಾತ್ರಿ ಓದಿಕೊಳ್ಳಲಿ ಬಿಡು. ನೀನು ಅವರ ಕೈ ಹಗುರ ಮಾಡು.

ಫಿಸಿಯೋಗಳ ಕೈಯಲ್ಲಿ ಕಸುವು ಜಾಸ್ತಿ. ಬಿಗಿದ ಸ್ನಾಯು ಒತ್ತಿ, ಹಿಡಿದುಕೊಂಡ ಕೀಲು ಬಗ್ಗಿಸಿ ಹೆಸರು ತಗೊಂಡವರು. ಆ ಕಸುವು ಇಲ್ಲಿ ತೊಂದರೆ ಕೊಡುತ್ತದೆ. ದುಗ್ಧರಸವನ್ನು ಮೊದಲು ಒಳಗೆ ತಗೊಳ್ಳುವ ನಾಳಗಳು ಚರ್ಮದ ಕೆಳಗೇ ಇವೆ. ಅವುಗಳ ಗೋಡೆ ಒಂದೇ ಪದರ ಜೀವಕೋಶದ್ದು. ಹೊರಗಿನಿಂದ ಸಣ್ಣ ಎಳೆಗಳು ಆ ಗೋಡೆಯನ್ನು ಹಿಡಿದುಕೊಂಡಿವೆ. ಚರ್ಮವನ್ನು ಮೆಲ್ಲಗೆ ಹಿಗ್ಗಿಸಿದರೆ ಎಳೆಗಳು ಎಳೆದು, ಕೋಶಗಳ ನಡುವೆ ಸಂದು ತೆರೆಯುತ್ತದೆ. ಜೋರಾಗಿ ತಿಕ್ಕಿದರೆ ಆ ಜಾಗಕ್ಕೆ ರಕ್ತ ಹೆಚ್ಚು ಹರಿದು ಇನ್ನಷ್ಟು ನೀರು ಸೇರುತ್ತದೆ.

ನಾನು ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ. ಒಬ್ಬಾಕೆಯ ಕೈಯನ್ನು ಅರ್ಧ ಗಂಟೆ ಚೆನ್ನಾಗಿ ತಿಕ್ಕಿದೆ. ಪಾಪ, ಆಕೆ ಹಿತವಾಗಿದೆ ಅಂದರು. ನಾನು ಉಬ್ಬಿಹೋದೆ. ಮರುದಿನ ನೋಡಿದರೆ ಅವರ ಕೈ ಕೆಂಪಾಗಿ ಇನ್ನೂ ದಪ್ಪವಾಗಿತ್ತು. ಈ ಕಥೆ ನಿನ್ನ ಕ್ಲಾಸಿನಲ್ಲಿ ಹೇಳು, ನನಗೇನೂ ನಾಚಿಕೆಯಿಲ್ಲ.

ಡೆನ್ಮಾರ್ಕಿನ ವೊಡ್ಡರ್ ದಂಪತಿ, ಎಮಿಲ್ ಮತ್ತು ಎಸ್ಟ್ರಿಡ್, ಚರ್ಮವನ್ನು ಮೆಲ್ಲಗೆ ಹಿಗ್ಗಿಸಿ ದುಗ್ಧರಸ ಸರಿಸುವ ಈ ಕೈಕೆಲಸವನ್ನು 1930ರ ದಶಕದಲ್ಲಿ ರೂಪಿಸಿದರು. 1936ರಲ್ಲಿ ಪ್ಯಾರಿಸ್‌ನಲ್ಲಿ ಜನರ ಮುಂದಿಟ್ಟರು. ಅವರು ಶುರು ಮಾಡಿದ್ದು ಪದೇ ಪದೇ ಶೀತ, ಸೈನಸ್ ಕಾಟ ಇದ್ದವರ ಕುತ್ತಿಗೆಯ ದುಗ್ಧರಸದ ಗಂಟುಗಳಿಂದ. ಬಾವು ಬಂದ ಕೈಕಾಲಿಗೆ ಇದೊಂದೇ ಸಾಲದು ಅಂತ ಜರ್ಮನಿಯಲ್ಲಿ ಮೈಕೆಲ್ ಫೋಲ್ಡಿ ಇದರ ಜೊತೆ ಬಿಗಿ ಪಟ್ಟಿ (ಬ್ಯಾಂಡೇಜ್), ವ್ಯಾಯಾಮ, ಚರ್ಮದ ಆರೈಕೆ ಎಲ್ಲವನ್ನೂ ಸೇರಿಸಿ ಒಂದು ಪೂರ್ತಿ ಕ್ರಮ ಮಾಡಿದರು. ಇತಿಹಾಸ ಇಷ್ಟು ಸಾಕು. ಅದಕ್ಕೆ ಅರ್ಧ ದಿನ ಕಳೆಯಬೇಡ.

ಎಲ್ಲಿಂದ ಶುರು ಮಾಡಬೇಕು ಅನ್ನುವುದರಲ್ಲಿ ಹೊಸಬರು ಎಡವುತ್ತಾರೆ. ಬಾವು ಇರುವುದು ಮುಂಗೈಯಲ್ಲಿ ಅಂತ ಅಲ್ಲೇ ಕೈ ಹಾಕುತ್ತಾರೆ. ಮುಂದಿನ ಗಾಡಿ ಸರಿಯದೆ ಹಿಂದಿನದು ಹೇಗೆ ಸರಿದೀತು? ಮೊದಲು ಕುತ್ತಿಗೆ. ದುಗ್ಧರಸ ಕೊನೆಗೆ ರಕ್ತಕ್ಕೆ ಸೇರುವುದು ಅಲ್ಲೇ ಅಲ್ವಾ. ಆಮೇಲೆ ಬಾವಿಲ್ಲದ ಕಡೆಯ ಕಂಕುಳು, ಎದೆ, ಬೆನ್ನು. ಆಮೇಲೆ ತೋಳು. ಬೆರಳು ಎಲ್ಲಕ್ಕಿಂತ ಕೊನೆಗೆ.

ಕೈ ಹಾಕುವ ಮುಂಚೆ ಇನ್ನೊಂದಿದೆ. ಇದರಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಕೊಡಬೇಡ. ಚರ್ಮ ಕೆಂಪಾಗಿ, ಬಿಸಿಯಾಗಿ, ಜ್ವರವೂ ಇದ್ದರೆ ಅದು ಸೋಂಕು, ಆ ದಿನ ಮುಟ್ಟಬಾರದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು ಇರಬಹುದು. ಹೃದಯ ಸೋತವರಿಗೆ ಕಾಲಿನ ನೀರನ್ನು ಮೇಲೆ ತಳ್ಳಿದರೆ ಅದು ಹೋಗಿ ಸೇರುವುದು ಆ ಸೋತ ಹೃದಯಕ್ಕೇ. ಕಾಲಿಗೆ ರಕ್ತ ಸರಿಯಾಗಿ ಬರುತ್ತಿದೆಯಾ ಅಂತ ನೋಡದೆ ಬಿಗಿ ಪಟ್ಟಿ ಸುತ್ತಬಾರದು. ಇಂಥವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸುವ ಧೈರ್ಯ ಬೇಕು. ಮಂಚದ ಮೇಲೆ ಮಲಗಿದವರಿಗೆ "ಇವತ್ತು ಆಗಲ್ಲ" ಅನ್ನುವುದು ಕಷ್ಟ, ನನಗೆ ಗೊತ್ತು. ಆ ಮಾತನ್ನೂ ಅಭ್ಯಾಸ ಮಾಡಿಸು.

ಸ್ಟೆಮರ್ ಪರೀಕ್ಷೆ ಎರಡು ನಿಮಿಷದ ಪಾಠ. ಕಾಲಿನ ಎರಡನೇ ಬೆರಳಿನ ಬುಡದಲ್ಲಿ ಚರ್ಮ ಚಿವುಟಿ ಎತ್ತಬೇಕು. ಬರದಿದ್ದರೆ ಲಿಂಫೆಡಿಮಾ ಇರುವ ಸಾಧ್ಯತೆ ಹೆಚ್ಚು. ಬಂದರೆ ಇಲ್ಲ ಅಂತ ಹೇಳಲಾಗದು. ಈ ಎರಡನೇ ಅರ್ಧ ಮರೆಯುವವರೇ ಜಾಸ್ತಿ.

ಅಳತೆಗೆ ಒಂದು ಪೂರ್ತಿ ಮಧ್ಯಾಹ್ನ ಇಡು. ಒಬ್ಬರೇ ರೋಗಿ, ಒಂದೇ ಟೇಪು, ಹನ್ನೆರಡು ಜನ. ಮಣಿಕಟ್ಟಿನಿಂದ ಮೇಲಕ್ಕೆ 4 ಸೆಂಟಿಮೀಟರಿಗೊಂದು ಗುರುತು ಹಾಕಿ ಸುತ್ತಳತೆ ತೆಗೆಯಲಿ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಬೇಡ. ಆಮೇಲೆ ಎಲ್ಲಾ ಅಂಕಿಗಳನ್ನು ಬೋರ್ಡಿನ ಮೇಲೆ ಬರಿ. ಒಬ್ಬರು ಟೇಪು ಬಿಗಿ ಹಿಡಿದಿರುತ್ತಾರೆ, ಇನ್ನೊಬ್ಬರು ಓರೆ. ಮತ್ತೊಬ್ಬರು ಗುರುತನ್ನೇ ಬೇರೆ ಕಡೆಯಿಂದ ಶುರು ಮಾಡಿರುತ್ತಾರೆ. ಹೀಗೆ ಅಳೆದು "ಎರಡು ಸೆಂಟಿಮೀಟರ್ ಇಳಿಯಿತು" ಅಂತ ರೋಗಿಗೆ ಹೇಳಿದರೆ ಏನು ಅರ್ಥ? ಬೋರ್ಡು ನೋಡಿದ ಮೇಲೆ ನೀನು ಬೇರೆ ಉಪದೇಶ ಮಾಡಬೇಕಾಗಿಲ್ಲ.

ಇನ್ನು ಪಟ್ಟಿ. ಜಗ್ಗಿದರೆ ಉದ್ದಕ್ಕೆ ಬರುವ ಮಾಮೂಲಿ ಕ್ರೇಪ್ ಬ್ಯಾಂಡೇಜ್ ಇದಕ್ಕೆ ಆಗದು. ಅದು ಸುಮ್ನೆ ಮಲಗಿದಾಗಲೂ ಹಿಂಡುತ್ತಲೇ ಇರುತ್ತದೆ. ನಮಗೆ ಬೇಕಾದದ್ದು ಕಮ್ಮಿ ಜಗ್ಗುವ ಪಟ್ಟಿ. ಮಲಗಿದಾಗ ಅದರ ಒತ್ತಡ ಕಮ್ಮಿ. ನಡೆದಾಗ, ಕೈ ಆಡಿಸಿದಾಗ, ಸ್ನಾಯು ಉಬ್ಬಿ ಆ ಗಟ್ಟಿ ಪಟ್ಟಿಗೆ ತಾಗುತ್ತದೆ, ನಡುವೆ ಸಿಕ್ಕ ನಾಳ ಹಿಂಡಿಕೊಳ್ಳುತ್ತದೆ. ಅಂದರೆ ಪಟ್ಟಿ ಸುತ್ತಿ ಕೂರಿಸಿದರೆ ಅರ್ಧ ಚಿಕಿತ್ಸೆ ಹೋಯಿತು. ಸಣ್ಣ ಸುತ್ತಳತೆಯ ಜಾಗದಲ್ಲಿ ಅದೇ ಬಿಗಿ ಹೆಚ್ಚು ಒತ್ತುತ್ತದೆ. ಅದಕ್ಕೇ ಪಾದದ ಗಂಟಿನ ಸುತ್ತ ತಗ್ಗಿನಲ್ಲಿ ಫೋಮ್ ತುಂಬಿ ಕಾಲನ್ನು ಉರುಟು ಮಾಡಿಕೊಳ್ಳಬೇಕು.

ಮೊದಲ ದಿನವೇ ಒಬ್ಬರಿಗೊಬ್ಬರು ಕಾಲಿಗೆ ಪಟ್ಟಿ ಸುತ್ತಲಿ. ಅದರಲ್ಲೇ ಮೆಟ್ಟಿಲು ಹತ್ತಿ ಇಳಿಯಲಿ, ರಾತ್ರಿ ಅದರಲ್ಲೇ ಮಲಗಲಿ. ಬೆರಳು ಜೋಮು ಹಿಡಿದರೆ, ಬಣ್ಣ ತಿರುಗಿದರೆ ತಕ್ಷಣ ಬಿಚ್ಚಬೇಕು ಅಂತ ಮಾತ್ರ ಹೇಳಿರು.

ಇನ್ನೊಂದು ಮಾತು, ಇದು ನಿನ್ನ ಮೇಲಿನವರಿಗೆ. ಈ ಚಿಕಿತ್ಸೆ ಮಾಡುವವರಿಗೆ ಸರ್ಟಿಫಿಕೇಟ್ ಕೊಡುವ ಉತ್ತರ ಅಮೆರಿಕದ ಲಿಂಫಾಲಜಿ ಅಸೋಸಿಯೇಷನ್ನಿನ ಪರೀಕ್ಷೆಗೆ ಕೂರಬೇಕಾದರೆ 135 ಗಂಟೆ ತರಬೇತಿ ಆಗಿರಬೇಕು. ಅದರಲ್ಲಿ ಮೂರರಲ್ಲಿ ಎರಡು ಪಾಲು ಕೈಯಾರೆ ಮಾಡಿ ಕಲಿಯುವುದೇ. ನಿನಗೆ ಕೊಟ್ಟಿರುವುದು ಐದು ದಿನ. ಐದು ದಿನಕ್ಕೆ ಸರ್ಟಿಫಿಕೇಟ್ ಕೊಟ್ಟು ತಜ್ಞರು ಅಂತ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಬೇಗ ಗುರುತು ಹಿಡಿಯುವುದು, ಅಳೆಯುವುದು, ಯಾರನ್ನು ಮುಂದಕ್ಕೆ ಕಳಿಸಬೇಕು ಅಂತ ತಿಳಿಯುವುದು, ಇಷ್ಟು ಗಟ್ಟಿಯಾದರೆ ಐದು ದಿನಕ್ಕೆ ದೊಡ್ಡ ಕೆಲಸವೇ. ಉಳಿದದ್ದಕ್ಕೆ ಇನ್ನೂ ದಿನ ಕೇಳು. ಸಂಕೋಚ ಪಡಬೇಡ.

ಕೊನೆಯ ದಿನ, ರೋಗಿಗಳೇ ತಮಗೆ ತಾವು ಪಟ್ಟಿ ಸುತ್ತಿಕೊಳ್ಳುವುದನ್ನು ನಿನ್ನ ವಿದ್ಯಾರ್ಥಿಗಳು ಕಲಿಸಲಿ, ನೀನು ಹಿಂದೆ ನಿಂತು ನೋಡು. ಈ ಬಾವು ಪೂರ್ತಿ ವಾಸಿಯಾಗಿ ಹೋಗುವಂಥದ್ದಲ್ಲ. ನಾವು ಮಾಡುವುದು ಕೆಲವು ವಾರ, ಅವರು ಮಾಡಬೇಕಾದದ್ದು ಜೀವನಪೂರ್ತಿ. ಸ್ತನ ಕ್ಯಾನ್ಸರ್ ಆಪರೇಷನ್ ಆದವರಿಗೆ "ಭಾರ ಎತ್ತಲೇಬೇಡಿ" ಅಂತ ನಾನೂ ವರ್ಷಗಟ್ಟಲೆ ಹೇಳಿದ್ದೆ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೈ ಬಾವು ಇದ್ದವರೇ ನಿಧಾನವಾಗಿ ಭಾರ ಹೆಚ್ಚಿಸುತ್ತಾ ವ್ಯಾಯಾಮ ಮಾಡಿದರೂ ಬಾವು ಹೆಚ್ಚಲಿಲ್ಲ ಅಂತ ಕಂಡಿತು. ಎಷ್ಟು ಜನ ನನ್ನ ಮಾತು ನಂಬಿ ಮಕ್ಕಳನ್ನು ಎತ್ತಿಕೊಳ್ಳದೆ ಉಳಿದರೋ. ಹಳೆಯ ಕಲಿಕೆ ಅಂತ ನಿನ್ನವರು ತಂದದ್ದನ್ನೂ ಒಮ್ಮೆ ಕೆದಕಿ ನೋಡು.

ಪಟ್ಟಿ ಸುತ್ತಿ ಮಲಗಿದವರು ಬೆಳಿಗ್ಗೆ ಏನಂದರು ಅಂತ ಮರೆಯದೆ ಬರಿ. ರಾತ್ರಿಯೇ ಬಿಚ್ಚಿ ಎಸೆದವರನ್ನು ಬೈಯಬೇಡ. ಯಾಕೆ ಬಿಚ್ಚಿದಿರಿ ಅಂತ ಕೇಳಿ ಬರೆದುಕೋ. ನಾನು ಬಿಚ್ಚಿದ್ದು ರಾತ್ರಿ ಎರಡೂವರೆಗೆ.

ನಿನ್ನ ದೊಡ್ಡಮ್ಮ