ಅಮ್ಮ ಅಲ್ಲಿ ಕುಗ್ಗಿಬಿಟ್ಟರೆ ಎಂದು ಕೇಳಿದ್ದೀಯೆ

ಮೈಸೂರು
ಭಾನುವಾರ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ಬಂದು ಮೂರು ದಿನವಾಯಿತು. ಅಮ್ಮನನ್ನು ಕರೆದುಕೊಂಡು ಹೋದಾಗ ಜಪಾನಿನಲ್ಲಿ ಎಲ್ಲಿ ಇಳಿದುಕೊಳ್ಳಬೇಕೆಂದು ಎರಡು ಪುಟ ಬರೆದಿದ್ದೀಯೆ. ಅಷ್ಟಕ್ಕೇ ಆಗಿದ್ದರೆ ಅಂದೇ ಉತ್ತರ ಬರೆಯುತ್ತಿದ್ದೆ. ಆದರೆ ಕೊನೆಯಲ್ಲಿ, ಸಹಿಯ ಮೇಲೆ ಉಳಿದಿದ್ದ ಜಾಗದಲ್ಲಿ, "ಅಷ್ಟು ದೊಡ್ಡ ಕಡೆ ಅಮ್ಮ ಕುಗ್ಗಿ ಕೂತುಬಿಟ್ಟರೆ ಏನು ಮಾಡಲಿ ದೊಡ್ಡಮ್ಮ?" ಎಂದು ಒಂದು ಸಾಲು ಸೇರಿಸಿದ್ದೀಯಲ್ಲ, ಅದನ್ನು ಓದಿ ಪತ್ರವನ್ನು ಮಡಿಸಿ ದೇವರ ಗೂಡಿನಲ್ಲಿಟ್ಟವಳು ಇಂದು ತೆಗೆದಿದ್ದೇನೆ. ನಿನ್ನ ಅಮ್ಮನಿಗೆ ಈ ಎರಡು ವರ್ಷ ಹೇಗೆ ಕಳೆಯಿತು, ಈ ಪ್ರಯಾಣ ಈಗಲೇ ಯಾಕೆ ಆಗಬೇಕು ಎಂಬುದೆಲ್ಲ ನಮಗೆ ಗೊತ್ತಿರುವುದೇ. ಅದನ್ನು ಮತ್ತೆ ಬರೆಯುವುದಿಲ್ಲ.

ನೀನು ಗುರುತು ಮಾಡಿಕೊಂಡಿರುವ ಟೋಕಿಯೊದ ಹೋಟೆಲು, ಕ್ಯೋಟೊದ ಹಳೆಯ ವಸತಿಮನೆ, ಹಕೋನೆಯ ಬಿಸಿನೀರಿನ ಬುಗ್ಗೆ, ಮೂರೂ ಒಳ್ಳೆಯ ಜಾಗಗಳೇ. ಟೋಕಿಯೊದ ಓತೆಮಾಚಿಯಲ್ಲಿ ಗೋಪುರದ ತುದಿಯ ಆರು ಮಹಡಿಗಳಲ್ಲಿರುವ ಅಮನ್ ಹೋಟೆಲು 2014ರಲ್ಲಿ ಆರಂಭವಾದದ್ದು, ನಾನು ಕಂಡಿಲ್ಲ. ನಾವು ಒಸಾಕಾದಲ್ಲಿದ್ದ ಕಾಲಕ್ಕೆ ದೊಡ್ಡ ಹೋಟೆಲೆಂದರೆ ಟೋಕಿಯೊದಲ್ಲಿ 1890ರಿಂದ ನಡೆದುಬಂದಿದ್ದ ಇಂಪೀರಿಯಲ್; ಹಕೋನೆಯ ಕಡೆ ಹೋದರೆ 1878ರ ಫುಜಿಯಾ. ಅಂತಹ ಕಡೆ ಮಂಚವಿರುತ್ತದೆ, ಕುರ್ಚಿಯಿರುತ್ತದೆ, ಬಾಗಿಲು ಹಾಕಿಕೊಂಡರೆ ಆಯಿತು, ನೀವು ಹೇಗೆ ಕೂತಿರಿ, ಏನು ತಿಂದಿರಿ ಎಂದು ನೋಡುವವರಿಲ್ಲ. ಕ್ಯೋಟೊದ ಹಳೆಯ ರ‍್ಯೊಕಾನ್ ಹಾಗಲ್ಲ. ಜಪಾನಿನ ಹಳೆಯ ಪದ್ಧತಿಯ ವಸತಿಗೃಹವದು, ಆದರೆ ಮನೆಯೇ. ನಿಮ್ಮ ಕೋಣೆಯನ್ನು ನೋಡಿಕೊಳ್ಳುವ ಹೆಂಗಸು, ನಕಾಯ್ ಎನ್ನುತ್ತಾರೆ, ಮಧ್ಯಾಹ್ನ ಮೂರಕ್ಕೆ ನೀವು ಕಾಲಿಟ್ಟ ಗಳಿಗೆಯಿಂದ ಚಹಾ ತರುತ್ತಾಳೆ, ಮಂಡಿಯೂರಿ ಊಟ ಬಡಿಸುತ್ತಾಳೆ, ಊಟವಾದ ಮೇಲೆ ಅದೇ ಚಾಪೆಯ ಮೇಲೆ ಹಾಸಿಗೆ ಹಾಸುತ್ತಾಳೆ. ಕುಗ್ಗುವ ಸ್ವಭಾವದವರಿಗೆ ಇದು ಕಷ್ಟವೆಂದು ನೀನು ಯೋಚಿಸಿರುವುದು ಸಹಜ. ನನಗೂ ಹಾಗೆಯೇ ಅನ್ನಿಸಿತ್ತು. ಆ ಭಯದಿಂದ ನಾನು ಮಾಡಿದ ಕೆಲಸವನ್ನೇ ಈಗ ನಿನಗೆ ಹೇಳಬೇಕಾಗಿದೆ.

1987ರ ನವೆಂಬರಿನಲ್ಲಿ ನಮ್ಮಮ್ಮ, ನಿನ್ನ ಅಜ್ಜಿ, ನಮ್ಮಲ್ಲಿಗೆ ಬಂದಿದ್ದಳು. ಕ್ಯೋಟೊದಲ್ಲಿ ಮೇಪಲ್ ಎಲೆ ಕೆಂಪಾಗುವ ಸಮಯ. ನಿನ್ನ ದೊಡ್ಡಪ್ಪ ಎರಡು ತಿಂಗಳ ಉಳಿತಾಯ ಸುರಿದು ಹೆಸರಾಂತ ಒಂದು ರ‍್ಯೊಕಾನಿನಲ್ಲಿ ಒಂದು ರಾತ್ರಿಗೆ ಕೋಣೆ ಗೊತ್ತುಮಾಡಿದರು. ಅಜ್ಜಿ ಈರುಳ್ಳಿ, ಬೆಳ್ಳುಳ್ಳಿಯನ್ನು ಕೂಡ ಮುಟ್ಟದವಳೆಂದು ನಿನಗೆ ಗೊತ್ತು. ನಾನು ಫೋನಿನಲ್ಲಿ "ಮಾಂಸ, ಮೀನು ಬೇಡ" ಎಂದಷ್ಟೇ ಹೇಳಿ ಇಟ್ಟಿದ್ದೆ. ರಾತ್ರಿ ಮೊದಲ ಬಟ್ಟಲಿನ ಮುಚ್ಚಳ ತೆಗೆದಾಗ ತಿಳಿಸಾರಿನಿಂದ ಸಮುದ್ರದ ವಾಸನೆ ಬಂತು. ಅಜ್ಜಿ ಏನೂ ಹೇಳದೆ ಮುಚ್ಚಳವನ್ನು ಹಾಗೆಯೇ ಮುಚ್ಚಿದಳು. ಕೇಳಿದಾಗ ತಿಳಿಯಿತು: ಒಣಗಿಸಿ ಹೊಗೆಯಾಡಿಸಿದ ಮೀನನ್ನು ತೆಳುವಾಗಿ ಹೆರೆದು, ಕೊಂಬು ಎಂಬ ಕಡಲ ಸೊಪ್ಪಿನ ಜೊತೆ ಬಿಸಿನೀರಿಗೆ ಹಾಕಿ ತೆಗೆದ ಸಾರವೇ ಅಲ್ಲಿನ ಅಡಿಗೆಗೆ ಬುನಾದಿ. ಬದನೆಕಾಯಿ ಬೆಂದದ್ದೂ ಅದರಲ್ಲಿ, ತೋಫು ಬೆಂದದ್ದೂ ಅದರಲ್ಲಿ. ಅವರ ಲೆಕ್ಕದಲ್ಲಿ ಅದು ಮೀನಲ್ಲ, ನೀರಿನಷ್ಟೇ ಸಹಜವಾದದ್ದು. ಕೊನೆಗೆ ಉಳಿದದ್ದು ಬರಿಯ ಅನ್ನ.

ಆಗ ಅಜ್ಜಿ ತನ್ನ ಕೈಚೀಲದಿಂದ ಬಿಳಿಯ ವಸ್ತ್ರ ಸುತ್ತಿದ್ದ ಸ್ಟೀಲಿನ ಡಬ್ಬಿ ತೆಗೆದಳು. ಚಟ್ನಿಪುಡಿ. ಮೆರುಗೆಣ್ಣೆಯ ಆ ಕಪ್ಪು ಮೇಜಿನ ಮೇಲೆ, ಅಂಗೈಯಗಲದ ಆ ಪಿಂಗಾಣಿಗಳ ನಡುವೆ ಅದನ್ನು ಇಡುವ ಮೊದಲೇ ನಾನು, ಆ ನಕಾಯ್ ನೋಡುತ್ತಿದ್ದಾಳೆಂದು, ಹಲ್ಲು ಕಚ್ಚಿಕೊಂಡು "ಅಮ್ಮ, ಇಲ್ಲಿ ಬೇಡ, ಒಳಗಿಡು" ಎಂದೆ. ಅವಳು ಸದ್ದಾಗದಂತೆ ಮುಚ್ಚಳ ಒತ್ತಿ, ವಸ್ತ್ರವನ್ನು ಮೊದಲಿದ್ದಂತೆಯೇ ನಾಲ್ಕು ಮಡಿಕೆ ಮಾಡಿ ಸುತ್ತಿ, ಒಳಗಿಟ್ಟಳು. ಅನ್ನವನ್ನು ಹಾಗೆಯೇ ಉಂಡಳು.

ಪುಟ್ಟೀ, ನಮ್ಮಮ್ಮನನ್ನು ಕುಗ್ಗಿಸಿದ್ದು ಆ ಮನೆಯಲ್ಲ, ನಾನು. ಮರುದಿನ ಬೆಳಿಗ್ಗೆ ಅದೇ ನಕಾಯ್ ಬಿಸಿ ಅನ್ನದ ಜೊತೆಗೆ ನೀಲಿ ಅಂಚಿನ ಒಂದು ಪುಟ್ಟ ಖಾಲಿ ತಟ್ಟೆಯನ್ನು ತಂದು ಅಜ್ಜಿಯ ಮುಂದಿಟ್ಟು, ಎರಡು ಕೈಯನ್ನೂ ಕೈಚೀಲದ ಕಡೆ ಚಾಚಿ ತಲೆ ಬಾಗಿಸಿದಳು. ಅಜ್ಜಿಗೆ ತಿಳಿಯಿತು. ಆದರೂ ಕೈ ಹಾಕುವ ಮೊದಲು ಅವಳು ನನ್ನ ಮುಖ ನೋಡಿದಳು, ಅಪ್ಪಣೆಗೆ ಕಾಯುವವರಂತೆ. ಆಮೇಲೆ ಎಂಟು ವರ್ಷ ಬದುಕಿದ್ದಳು, ಊರಿನವರಿಗೆಲ್ಲ ಕೆಂಪು ಎಲೆಗಳ ಕಥೆ ಹೇಳಿದಳು, ಈ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಆದ್ದರಿಂದ ಯಾವ ಹೋಟೆಲು ಎಂಬ ನಿನ್ನ ಪ್ರಶ್ನೆಗೆ ಉತ್ತರ ಹೇಳುವ ಅರ್ಹತೆ ನನಗೆಷ್ಟಿದೆಯೋ ತಿಳಿಯದು. ಆದರೂ ಕೇಳಿದ್ದೀಯೆ. ಕ್ಯೋಟೊದ ಫುಯಾಚೋ ಬೀದಿಯಲ್ಲಿ ಎದುರುಬದುರಾಗಿರುವ ಎರಡು ಮನೆಗಳನ್ನು ಬರೆದಿದ್ದೀಯಲ್ಲ, 1818ರ ಹೀರಾಗಿಯಾ ಮತ್ತು ಅದಕ್ಕಿಂತಲೂ ಹಳೆಯದಾದ, ಹದಿನೆಂಟೇ ಕೋಣೆಗಳ ತವಾರಾಯಾ, ಅಂತಹದೊಂದನ್ನೇ ಆರಿಸಿಕೋ ಎನ್ನುತ್ತದೆ ನನ್ನ ಮನಸ್ಸು. ಇಂತಹ ಮನೆಗಳಲ್ಲಿ ಸಾಮಾನ್ಯವಾಗಿ ಬೆಲೆ ಕೋಣೆಗಲ್ಲ, ತಲೆಗೆ. ರಾತ್ರಿಯ ಮತ್ತು ಬೆಳಗಿನ ಊಟ ಸೇರಿರುತ್ತದೆ. ಹೋಟೆಲಿನ ಬಾಡಿಗೆಯ ಪಕ್ಕದಲ್ಲಿಟ್ಟು ನೋಡುವಾಗ ಇದನ್ನು ಮರೆಯಬೇಡ. ಆದರೆ ಹಣ ಕಟ್ಟುವ ಮೊದಲೇ, ಸಸ್ಯಾಹಾರಿ ಎಂಬ ಒಂದು ಪದಕ್ಕೆ ಬಿಡದೆ, ಕಾತ್ಸುವೊಬುಶಿ, ಅಂದರೆ ಆ ಮೀನಿನ ಹೆರೆತ, ಸಾರದಲ್ಲಿಯೂ ಇರಬಾರದು, ಕೊಂಬು ಮತ್ತು ಒಣಗಿದ ಶಿತಾಕೆ ಅಣಬೆಯ ಸಾರದಲ್ಲಿ ಮಾಡಿಕೊಡಲು ಆಗುತ್ತದೆಯೇ ಎಂದು ಬರೆದು ಕೇಳು. ಆಗುವುದಿಲ್ಲ ಎಂದರೆ ಬೇಸರಪಡಬೇಡ. ಮಾಡಲಾಗದ್ದನ್ನು ಒಪ್ಪಿಕೊಳ್ಳದಿರುವುದೂ ಅವರ ಮರ್ಯಾದೆಯೇ. ನಿನ್ನ ಅಮ್ಮನ ಮಂಡಿನೋವಿನ ವಿಷಯವನ್ನೂ ಅದರಲ್ಲಿಯೇ ಬರೆ. ಎತ್ತರದ ಕುರ್ಚಿಯನ್ನೋ ಮಂಚವಿರುವ ಕೋಣೆಯನ್ನೋ ಕೊಡುವವರು ಈಗ ಇದ್ದಾರೆ.

ಹಕೋನೆಯ ಬಿಸಿನೀರಿನ ಬುಗ್ಗೆಯ ಬಗ್ಗೆ ಮಾತ್ರ ನನಗೆ ಸ್ವಲ್ಪ ಅಳುಕು. ಸಾಮೂಹಿಕ ಸ್ನಾನದ ಮನೆಯಲ್ಲಿ ಹೆಂಗಸರಿಗೆ ಬೇರೆಯೇ ಜಾಗವಿರುತ್ತದೆ, ನಿಜ. ಆದರೆ ಬಟ್ಟೆ ತೊಟ್ಟು ನೀರಿಗಿಳಿಯುವಂತಿಲ್ಲ. ನಿನ್ನ ಅಮ್ಮ ಒಲ್ಲೆನೆಂದು ಕೋಣೆಯಲ್ಲೇ ಉಳಿದುಬಿಡುತ್ತಾಳೆ. ಕೋಣೆಗೇ ಸೇರಿದ ತೆರೆದ ತೊಟ್ಟಿ, ರೋತೆಂಬುರೊ, ಇರುವುದನ್ನು ಹಿಡಿದರೆ ಆ ಚಿಂತೆಯಿಲ್ಲ, ಬೆಲೆ ಏರುತ್ತದೆ. ಎಲ್ಲಿಯೇ ಆಗಲಿ, ಹೊರಗೆ ಮೈ ತೊಳೆದುಕೊಂಡು ಆಮೇಲೆ ತೊಟ್ಟಿಗೆ ಇಳಿಯಬೇಕು. ಎದ್ದ ಮೇಲೆ ತೊಟ್ಟಿಯ ನೀರನ್ನು ಹೊರಗೆ ಹರಿಯಬಿಡಬಾರದು, ಮುಂದಿನವರಿಗೂ ಅದೇ ನೀರು. ಇದನ್ನು ಅಲ್ಲಿ ಹೋಗಿ ಹೇಳಬೇಡ, ಮನೆಯಲ್ಲಿಯೇ ಹೇಳಿಕೊಡು. ಯುಕಾತಾ, ಅಂದರೆ ಅಲ್ಲಿ ಉಡಲು ಕೊಡುವ ಹತ್ತಿಯ ನಿಲುವಂಗಿ, ಉಡುವುದೂ ಹಾಗೆಯೇ. ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಶವಕ್ಕೆ ಉಡಿಸುವ ಕ್ರಮ. ಅಜ್ಜಿ ತಪ್ಪಾಗಿ ಸುತ್ತಿಕೊಂಡಿದ್ದನ್ನು ಆ ನಕಾಯ್ ಮೆಲ್ಲಗೆ ಬಿಡಿಸಿ ಸರಿಮಾಡಿದಾಗ, ಕಾರಣ ತಿಳಿದು ಅಜ್ಜಿ, "ನಮ್ಮಲ್ಲಿ ಪಿತೃಕಾರ್ಯಕ್ಕೆ ಜನಿವಾರ ಬಲಕ್ಕೆ ಹಾಕಿಕೊಳ್ಳುವುದಿಲ್ಲವೇ, ಹಾಗೆ" ಎಂದು ನಕ್ಕಿದ್ದಳು. ಅದು ಊಟಕ್ಕೆ ಮುಂಚೆ. ಅಲ್ಲಿಯವರೆಗೆ ಅವಳು ಕುಗ್ಗಿರಲಿಲ್ಲ, ನೋಡು.

ಇನ್ನೊಂದು ಮಾತು, ನಿನ್ನ ಪಟ್ಟಿಯಲ್ಲಿ ಇಲ್ಲದ್ದು. ಒಂದು ರಾತ್ರಿ ಕೋಯಾ ಪರ್ವತಕ್ಕೆ ಹೋಗಲು ಸಾಧ್ಯವಾದೀತೇ? ಕೂಕಾಯ್ ಎಂಬ ಬೌದ್ಧ ಸನ್ಯಾಸಿ 816ರಲ್ಲಿ ಸ್ಥಾಪಿಸಿದ ಕ್ಷೇತ್ರ, ಅಲ್ಲಿನ ಮಠಗಳಲ್ಲಿಯೇ ಉಳಿಯಲು ಕೋಣೆ ಕೊಡುತ್ತಾರೆ. ಮಠದ ಶೋಜಿನ್ ಅಡಿಗೆಯಲ್ಲಿ ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಅವರು ಗೋಮ ಎನ್ನುವುದು ನಮ್ಮ ಹೋಮವೇ. ಸಮಿತ್ತಿನಂತೆ ಕಡ್ಡಿಗಳನ್ನು ಅಗ್ನಿಗೆ ಹಾಕಿ ಮಂತ್ರ ಹೇಳುತ್ತಾರೆ. ವೈಭೋಗದ ಜಾಗವಲ್ಲ, ಚಳಿ ಜಾಸ್ತಿ, ಊಟ ಸಂಜೆ ಬೇಗನೇ ಮುಗಿದುಬಿಡುತ್ತದೆ. ನೀನು ಅಮ್ಮನಿಗೆ ಸುಖ ಕೊಡಬೇಕೆಂದು ಹೊರಟಿರುವಾಗ ಚಾಪೆಯ ಮೇಲಿನ ಮಠವಾಸವನ್ನು ಹೇಳುವುದು ಸರಿಯೋ ಅಲ್ಲವೋ. ಅಜ್ಜಿಯನ್ನು ಅಲ್ಲಿಗೆ ಕರೆದೊಯ್ಯಬೇಕಿತ್ತೆಂದು ನನಗೆ ಹೊಳೆದದ್ದು ಅವಳು ಊರಿಗೆ ಮರಳಿದ ಮೇಲೆ. ಅದಕ್ಕಾಗಿ ಹೇಳುತ್ತಿದ್ದೇನೇನೋ.

ನಿನ್ನ ಸಾಲಿಗೆ ಮತ್ತೆ ಬರುತ್ತೇನೆ. ಅಮ್ಮ ಕುಗ್ಗಿದರೆ ಏನು ಮಾಡಲಿ ಎಂದು ಕೇಳಿದ್ದೀಯೆ. ಕುಗ್ಗಬಹುದು. ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಲ್ಲಬಹುದು, ಶೌಚದ ಚಪ್ಪಲಿಯಲ್ಲೇ ಚಾಪೆಯ ಮೇಲೆ ಬಂದುಬಿಡಬಹುದು. ಆಗ ಅವಳು ನೋಡುವುದು ಆ ಮನೆಯವರ ಮುಖವನ್ನಲ್ಲ, ನಿನ್ನ ಮುಖವನ್ನು. ಆ ಹೊತ್ತಿಗೆ ನಿನ್ನ ಮುಖದಲ್ಲಿ ಏನಿರುತ್ತದೆ ಎಂಬುದಷ್ಟೇ ನನ್ನ ಚಿಂತೆ; ನೀನು ನನಗಿಂತ ಒಳ್ಳೆಯವಳು, ಆದರೂ ಚಿಂತೆ ಬಿಡುವುದಿಲ್ಲ. ಒಂದು ರಾತ್ರಿಯ ಬದಲು ಎರಡು ರಾತ್ರಿ ಇರಿ. ಮೊದಲ ದಿನದ ಮುಜುಗರ ಎರಡನೆಯ ದಿನ ಇರುವುದಿಲ್ಲ. ಒಂದೇ ರಾತ್ರಿಯಾದ್ದರಿಂದ ನಮಗೆ ಸರಿಪಡಿಸಿಕೊಳ್ಳಲು ಸಮಯವೇ ಸಿಗಲಿಲ್ಲ.

ಹೋಟೆಲಿಗೆ ಬರೆಯುವ ಪತ್ರವನ್ನು ಕಳಿಸುವ ಮೊದಲು ನನಗೆ ತೋರಿಸು. ನನ್ನ ಜಪಾನಿ ಭಾಷೆ ಬಹುಪಾಲು ಮರೆತುಹೋಗಿದೆ, ಊಟದ ಪದಗಳು ಮರೆತಿಲ್ಲ. ಡಬ್ಬಿಯ ವಿಷಯ ನಿನ್ನ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕ ಅಮ್ಮನನ್ನು ರಾಣಿಯಂತೆ ಇಟ್ಟುಕೊಂಡಿದ್ದಳೆಂದು ಅವಳು ಈಗಲೂ ಎಲ್ಲರೆದುರು ಹೇಳುತ್ತಾಳೆ, ನಾನು ಸುಮ್ಮನೆ ಕೂತಿರುತ್ತೇನೆ. ಹೇಳಬೇಕೆಂದು ನಿನಗೆ ತೋರಿದರೆ ಅಲ್ಲಿಗೆ ಹೋದ ಮೇಲೆ ಹೇಳು. ನನ್ನಿಂದ ಆಗಲಿಲ್ಲ.

ಇಂತಿ ನಿನ್ನ
ದೊಡ್ಡಮ್ಮ